ಎಡಗೈಯ ಗಿರಾಕಿ

ಪಾತ್ರೆ ಅಂಗಡಿಯವನು ಅವರಿಗೆ ‘ಇನ್ನೊಂದು ತೋರಿಸಿ’ ಎಂದೇ ಹೆಸರಿಟ್ಟಿದ್ದ. ಕಾಫಿ ಬೀಜ ಪುಡಿ ಮಾಡುವ ಕೈಮಿಷನ್ ಆರಿಸಲು ಬರುವ ಈ ಹಿರಿಯರು, ಮಿಷನ್ನಿಗೇ ಸಂದರ್ಶನ ನಡೆಸುವವರ ಗತ್ತಿನಲ್ಲಿ ಸ್ಟೂಲಿನ ಮೇಲೆ ಕೂರುತ್ತಾರೆ. ಅದನ್ನು ಮಂಡಿಗಳ ನಡುವೆ ಸಿಕ್ಕಿಸಿ, ಬಲಗೈಯನ್ನು ಜೇಬಿನೊಳಗೆ ಹೂತು, ಎಡಗೈಯೊಂದರಲ್ಲೇ ಹಿಡಿಕೆ ತಿರುಗಿಸುತ್ತಾರೆ. ಒಂದರ ಹಿಡಿಕೆ ಗಿಡ್ಡ, ಇನ್ನೊಂದರ ಮುಚ್ಚಳ ಬಿಗಿ, ಮತ್ತೊಂದು ಶುದ್ಧ ಜಾರುಬಂಡಿ. ಬೀಜ ಪುಡಿಯಾಗುವ ಮೊದಲೇ ಅಂಗಡಿಯವನ ತಾಳ್ಮೆ ನುಣ್ಣಗಾಗಿರುತ್ತದೆ. “ಬಲಗೈನೇನು ಅಡ ಇಟ್ಟಿದ್ದೀರಾ ಸ್ವಾಮಿ? ಕರೆಂಟಿಂದು ತಗೊಳ್ಳಿ, ಗುಂಡಿ ಒತ್ತಿದ್ರೆ ಆಯ್ತು,” ಎಂದು ಅವನೊಂದು ದಿನ ರೇಗಿಸಿದ. “ಗುಂಡಿ ನಾನೂ ಒತ್ತಬಲ್ಲೆ ಕಣಯ್ಯಾ,” ಎಂದರು ಅವರು, ತಲೆಯೆತ್ತದೆ. “ನಮ್ಮನೆಯವಳಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ. ಅಡುಗೆ ಬಿಟ್ಟಳು, ಹೊಲಿಗೆ ಬಿಟ್ಟಳು. ‘ಕಾಫಿಪುಡಿ ಮಾತ್ರ ನಾನೇ ಕೈಯಲ್ಲಿ ತಿರುಗಿಸಿ ಮಾಡೋದು, ನೀವು ಮುಟ್ಟಬೇಡಿ’ ಅಂತ ಅವಳ ಹಟ.” ಅಂಗಡಿಯವನು ಒಳಗೆ ಹೋಗಿ ದಪ್ಪ ತಳದ ಮಿಷನ್ನೊಂದನ್ನು ತಂದ. ಮಂಡಿಗಳ ನಡುವೆ ಅದು ಅಲುಗಲಿಲ್ಲ, ಜಾರಲಿಲ್ಲ, ಎಡಗೈಗೆ ಬೆಣ್ಣೆಯ ಹಾಗೆ ತಿರುಗಿತು. ಹಿರಿಯರ ಮುಖ ಅರಳಿತು, ಹಾಗೆಯೇ ಬಾಡಿತು. “ಅಯ್ಯೋ, ಇಷ್ಟು ದಿನ ಬರೀ ಕೈ ನೋಡ್ಕೊಂಡೆನಲ್ಲಪ್ಪಾ! ಅವಳ ಕಾಲಲ್ಲೂ ಶಕ್ತಿ ಇಲ್ಲ. ಮಂಡಿ ಮಧ್ಯೆ ಇದನ್ನ ಹೇಗೆ ಹಿಡೀತಾಳೆ?” ಕೊನೆಗೆ ಅದನ್ನು ಎತ್ತಿ ಅಂಗಡಿಯವನ ಮುಂದಿಟ್ಟು ಮೆಲ್ಲಗೆ ಹೇಳಿದರು: “ಕಟ್ಟಿಕೊಡು. ನಾನು ಹಿಡ್ಕೋತೀನಿ, ಅವಳು ತಿರುಗಿಸಲಿ. ಹಿಡ್ಕೊಳ್ಳೋಕೆ ಬಿಟ್ಟರೆ.”