ಜಾರದ ಸೆರಗು

ಇವತ್ತು ಬೆಳಿಗ್ಗೆ ಅಂಚೆಯಲ್ಲಿ ಒಂದು ಕಾಗದ ಬಂತು. ನಮ್ಮೂರಿನ ಹುಡುಗರು ಕಟ್ಟಿಕೊಂಡ ಸಂಘವೊಂದು ನನಗೆ ಶಾಲು ಹೊದಿಸುತ್ತದಂತೆ. ಸಂತೋಷ. ಆದರೆ ಕೊನೆಯಲ್ಲಿ, ‘ತಮ್ಮ ಪರಿಚಯವನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿ’ ಎಂದಿದ್ದಾರೆ. ಎರಡು ಸಾಲಂತೆ! ನೀವೇ ಹೇಳಿ, ಇಷ್ಟು ವರ್ಷ ಉಂಡು ತಿರುಗಿದ ಮನುಷ್ಯನಿಗೆ ಎರಡೇ ಸಾಲೇ? ಹಾಗೆಂದು ಸಿಟ್ಟು ಮಾಡಿಕೊಂಡು ಪೆನ್ನು ಹಿಡಿದರೆ ಒಂದು ಸಾಲೂ ಬರಲಿಲ್ಲ. ಪರಿಚಯ ಹೇಳಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ದಡ್ಡ.

ನನ್ನ ಹರೆಯದಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂದೆನೇ? ಕ್ಷಮಿಸಿ. ಬಸ್ಸಿನ ಬೆನ್ನಿಗೆ ಬಚ್ಚಲ ಹಂಡೆಯಂಥದೊಂದನ್ನು ಕಟ್ಟಿ, ಅದರಲ್ಲಿ ಇದ್ದಲು ಉರಿಸಿ, ಅರ್ಧ ತಾಸು ಗಾಳಿ ಹಾಕಿ, ಬಂದ ಗ್ಯಾಸನ್ನು ಇಂಜಿನ್ನಿಗೆ ಕುಡಿಸಿದರೆ ಅದು ಕೆಮ್ಮಿ, ಉಗಿದು, ಮನಸ್ಸಾದರೆ ಹೊರಡುತ್ತಿತ್ತು. ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಅಂಥದೊಂದು ಬಸ್ಸಿಗೆ ನಾನು ಡ್ರೈವರನೂ ಹೌದು, ಮೆಕ್ಯಾನಿಕ್ಕೂ ಹೌದು. ಆಟವಿದ್ದ ದಿನ ಮಾತ್ರ ಕೈಯ ಮಸಿಯನ್ನು ಸೀಗೆಪುಡಿ ಹಾಕಿ ತಿಕ್ಕಿ, ಸೀರೆ ಉಟ್ಟು, ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದೆ. ರಾಣಿ, ರಾಣಿಯ ಸಖಿ, ಕಾಡಿಗೆ ಹೋದ ರಾಣಿ, ಹೀಗೆ. ಚೆನ್ನಾಗಿಯೇ ಮಾಡುತ್ತಿದ್ದೆ, ಹೇಳಿಕೊಳ್ಳಲು ಸಂಕೋಚವೇನು? ಗ್ಯಾರೇಜಿನವರು “ರಾಣಿಯೋರೇ, ಆ ಸ್ಪ್ಯಾನರು ಕೊಡಿ” ಎಂದು ಕೈಚಾಚುತ್ತಿದ್ದರು. ಬಣ್ಣ ಹಚ್ಚುವ ಚೌಕಿಯಲ್ಲಿ ನನ್ನ ಹೆಸರು ‘ಇದ್ದಲು’. ಎರಡೂ ಕಡೆ ನಾನು ಆಚೆ ಕಡೆಯವನು.

ಹೆಣ್ಣು ನೋಡಲು ಹೊರಟಾಗ ಇದು ತೊಡಕಾಯಿತು. ಹೆಬಳೆಯ ಒಂದು ಮನೆಯಲ್ಲಿ ಎರಡನ್ನೂ ಬಾಯಿಬಿಟ್ಟು ಹೇಳಿದೆ. “ಹುಡ್ಗ ಪಂಚೆ ಉಡೂವವ್ನೋ, ಸೀರೆ ಉಡೂವವ್ನೋ, ಮೊದ್ಲು ನಿಕ್ಕಿ ಮಾಡ್ಕಳ್ಲಿ” ಎಂದು ಹೇಳಿ ಕಳಿಸಿದರು. ಆದ್ದರಿಂದ ಮಿರ್ಜಾನದ ಮಾಸ್ತರರ ಮನೆಗೆ ಹೋಗುವಾಗ ಸೋದರಮಾವ ದಾರಿಯುದ್ದಕ್ಕೂ ಪಾಠ ಹೇಳಿದ. “ಬಾಯಿ ಬಿಟ್ರೆ ಇಂಜಿನ್ ಸುದ್ದಿ ಮಾತ್ರ. ಆಟದ ಹೆಸ್ರೆತ್ತಿದ್ಯೋ, ನಾ ಅಲ್ಲಿಂದ್ಲೇ ಎದ್ಕಂಡು ಬತ್ತೆ.” ನಾನು ತಲೆಯಾಡಿಸಿದೆ. ಮಾಸ್ತರರ ಮಗಳನ್ನು ಒಮ್ಮೆ ಬಸ್ಸಿನ ಕನ್ನಡಿಯಲ್ಲಿ ಕಂಡಿದ್ದೆ. ಅವಳು ಕೈತಪ್ಪುವುದಾದರೆ ಬಸ್ಸನ್ನು ಹೊಳೆಗೆ ಇಳಿಸಲೂ ತಯಾರಿದ್ದೆ.

ಮಾಸ್ತರರು ಜಗಲಿಯಲ್ಲಿ ಕೂತಿದ್ದರು. ಮೂಲೆಯಲ್ಲಿ ಅವರ ತಾಯಿ ಎಲೆಯಡಿಕೆ ಕುಟ್ಟುತ್ತಿದ್ದರು. ಬಾಗಿಲ ಹಿಂದೆ ಬಳೆ ಸದ್ದು.

“ಎಂತ ಕೆಲ್ಸ ನಿಮ್ದು?”

ನಾನು ಶುರುಮಾಡಿದೆ ನೋಡಿ. ಇಂಜಿನ್ನು ನನ್ನ ಮಾತು ಕೇಳುತ್ತದೆ ಎಂದೆ. ಹೊನ್ನಾವರದ ನಮ್ಮ ಬಸ್ಸು ಎಂಥ ಏರನ್ನೂ ಒಂದೇ ಉಸಿರಿಗೆ ಹತ್ತುತ್ತದೆ ಎಂದೆ. ಮಾವನ ಮುಖ ಅರಳಿತು.

“ಆತು. ಆಟ ಗೀಟದ ಹುಚ್ಚು?”

“ಇಲ್ಲ. ನೋಡೂದೂ ಇಲ್ಲ” ಎಂದುಬಿಟ್ಟೆ.

ಸಾಕಿದ ತಾಯಿಯನ್ನು ಪೇಟೆಯಲ್ಲಿ ಕಂಡು ಗುರುತಿಲ್ಲ ಅಂದ ಹಾಗಾಯಿತು. ನಾಚಿಕೆಯಿಂದ ತಲೆ ತಗ್ಗಿಸಿದೆ. ತಗ್ಗಿಸಿದ್ದೇ ತಪ್ಪಾಯಿತು. ಹಿರಿಯರ ಮುಂದೆ ರಾಣಿ ತಲೆ ತಗ್ಗಿಸಿದಾಗ ಎಂತ ಮಾಡುತ್ತಾಳೋ ಅದನ್ನೇ ನನ್ನ ಬಲಗೈ ತನ್ನಷ್ಟಕ್ಕೆ ಮಾಡಿತು. ಎಡ ಭುಜಕ್ಕೆ ಹೋಗಿ, ಇಲ್ಲದ ಸೆರಗನ್ನು ಮುಂದೆಳೆದು, ಸೊಂಟಕ್ಕೆ ಸಿಕ್ಕಿಸಿತು.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದರು. “ತಮಾ, ಸೆರಗು ಜಾರ್ಲಿಲ್ಲ. ಹೆದ್ರಬೇಡ.”

ಮಾಸ್ತರರ ಮುಖ ಕೆಂಪಾಯಿತು. “ಆಟದವ್ನಿಗೆ ಕೊಡೂಕೆ ನಂದೇನೂ ಅಡ್ಡಿ ಇರ್ಲಿಲ್ಲ. ಸುಳ್ಳು ಹೇಳೂವವ್ನಿಗೆ ಮಗ್ಳ ಕೊಡೂದಿಲ್ಲ.”

ಮಾವ ಚಪ್ಪಲಿ ಹುಡುಕಿದ. ನಾನೂ ಎದ್ದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಹುಡುಗಿಯ ದನಿ.

“ಅಪ್ಪಾ, ಅವ್ರು ಹೇಳದ್ದು ಒಂದೇ ಸುಳ್ಳಲ್ಲ. ಆ ಬಸ್ಸು ಏರು ಹತ್ತೂದೇ ಇಲ್ಲ. ಹೊನ್ನಾವರಕ್ಕೆ ಹೋಗುವಾಗ ನೀನೂ ನಾನೂ ಇಳ್ದು ತಳ್ಳದ್ದು ಮರ್ತೇ ಹೋತ?”

ಮುಗಿಯಿತು ಕತೆ, ಎಂದುಕೊಂಡೆ. ಆದರೆ ಮಾಸ್ತರರಿಗೆ ಆ ದಿನ ಮಸಿಯಾದ ತಮ್ಮ ಹೊಸ ಪಂಚೆ ನೆನಪಾಗಿರಬೇಕು. ತುಟಿ ಬಿಗಿ ಹಿಡಿದರು, ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, “ಕೂತ್ಕಳಿ. ಈಗ ಸಮಾ ಹೇಳಿ, ಯಾರು ನೀವು?” ಎಂದರು.

“ಬಸ್ಸು ಓಡಿಸ್ತೆ, ಹೆಚ್ಚಾಗಿ ತಳ್ಳಿಸ್ತೆ. ಸೀರೆ ಮಾತ್ರ ಚಂದ ಉಡ್ತೆ” ಎಂದೆ. ವೈಶಾಖದಲ್ಲಿ ಮದುವೆಯಾಯಿತು.

ಇವತ್ತು ಅದೇ ಮಾತನ್ನು ಎರಡು ಸಾಲು ಮಾಡಿ ಬರೆದು, ಅಡುಗೆಮನೆಗೆ ಹೋದೆ. ಹೆಂಡತಿ ಬಸಳೆ ಹೆಚ್ಚುತ್ತಿದ್ದಳು. ನನಗೊಂದು ಹೆದರಿಕೆಯಿತ್ತು, ಕೇಳಿಯೇ ಬಿಟ್ಟೆ. “ಶಾಲು ಹೊದಿಸೂವಾಗ ಈ ಕೈ ಮತ್ತೆ ಭುಜಕ್ಕೆ ಹೋದ್ರೆ ಎಂತ ಮಾಡೂದೆ?”

“ಹೋಗ್ಲಿ ಬಿಡಿ” ಎಂದಳು, ತಲೆಯೆತ್ತದೆ. “ಬಾಗ್ಲಸಂದಿಂದ ಅದ್ನ ಕಂಡೇ ಅಲ್ದ, ನೀವು ಎದ್ದು ಹೋಗೂದು ಬ್ಯಾಡ ಅಂತ್ಹೇಳಿ ಅಪ್ಪನ ನಗ್ಸೂಕೆ ನಾ ಬಾಯಿ ಹಾಕದ್ದು.”

ಇಷ್ಟು ವರ್ಷ ನಾನು ಆ ಬಸ್ಸಿನ ಮಾತನ್ನು ಬರೀ ಕೀಟಲೆ ಎಂದುಕೊಂಡಿದ್ದೆ. ವಾಪಸು ಬಂದು ಪೆನ್ನು ಹಿಡಿದೆ. ಸಂಘದವರು ಬೇಕಾದರೆ ಸಿಟ್ಟಾಗಲಿ, ಮೂರನೆಯ ಸಾಲೊಂದನ್ನು ಸೇರಿಸಿದ್ದೇನೆ: ‘ಇವೆರಡೂ ಗೊತ್ತಿದ್ದೇ ಒಪ್ಪಿದವಳ ಗಂಡ.’