ಕಾರಿನ ಎಡಗಡೆಯ ಎಲುಬು

ನಾನು ಕಾರು ಓಡಿಸುತ್ತೇನೆ ಎಂದರೆ ಅದು ಅರ್ಧ ಸುಳ್ಳು. ಹೊಸಪೇಟೆಯಿಂದ ಕಂಪ್ಲಿಯ ಕಾಲೇಜಿಗೆ ಅದು ತಾನೇ ದಾರಿ ಬಲ್ಲ ಎತ್ತಿನಂತೆ ಹೋಗುತ್ತದೆ. ನಾನು ಸ್ಟಿಯರಿಂಗ್ ಹಿಡಿದು ಕೂತು, ಕಾಲುವೆಯ ನೀರನ್ನೋ ಗದ್ದೆಯ ಬೆಳ್ಳಕ್ಕಿಗಳನ್ನೋ ನೋಡುತ್ತಿರುತ್ತೇನೆ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವಳಿಗೆ ಇಷ್ಟು ಕನಸು ಕಾಣುವ ಹಕ್ಕಿದೆ ಎಂದುಕೊಂಡಿದ್ದೆ.

ಕಬ್ಬಿನ ಟ್ರ್ಯಾಕ್ಟರುಗಳು ಹಾಗೆ ತಿಳಿದಿರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ, ಕಂಪ್ಲಿ ಇನ್ನೂ ನಾಲ್ಕೈದು ಕಿಲೋಮೀಟರ್ ಇದ್ದಾಗ, ಮಂಜಿನೊಳಗಿಂದ ಒಂದು ಟ್ರೇಲರಿನ ಬೆನ್ನು ಎದ್ದು ಬಂತು. ಬ್ರೇಕ್ ಒತ್ತಿದೆ. ತಡವಾಗಿತ್ತು. ಕಾರಿನ ಎಡಗಡೆಯ ಮೂಗು ನಜ್ಜುಗುಜ್ಜಾಯಿತು. ದಿನವೂ ಜೊತೆಗೆ ಬರುವ ಇಬ್ಬರು ಸಹೋದ್ಯೋಗಿಗಳು ಅಂದು ರಜೆಯಲ್ಲಿದ್ದರು. ನನಗೆ ಸೀಟ್ ಬೆಲ್ಟಿನ ಬರೆಯೊಂದು ಬಿಟ್ಟರೆ ಏನೂ ಆಗಲಿಲ್ಲ.

ಸಂಡೂರು ರಸ್ತೆಯಲ್ಲಿ ಹುಲುಗಪ್ಪ ಮೇಸ್ತ್ರಿಯ ಗ್ಯಾರೇಜು. ಅವರು ಬಂಪರ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟರು. ಎಂಜಿನ್ನಿನ ಪಕ್ಕದಲ್ಲಿ ಉದ್ದಕ್ಕೆ ಓಡುವ ಉಕ್ಕಿನ ತೊಲೆಯೊಂದು ಮಡಚಿಕೊಂಡಿತ್ತು. ಗ್ಯಾರೇಜಿನವರು ಅದನ್ನು ಚಾಸಿ ಎನ್ನುತ್ತಾರೆ.

"ಮೇಲಿನವೆಲ್ಲ ಬಟ್ಟಿ ಇದ್ದಂಗ್ರಿ ಮೇಡಮ್ಮೋರೆ. ಇದು ಎಲುಬು. ಗಾಡಿ ನಂಬರ್ ಕೊಟ್ಟು ಕಂಪನಿದೇ ತರಿಸೋಣು. ಮೂರು ವಾರ ಆಗ್ತೈತಿ."

ಮೂರು ವಾರ ಎಂದದ್ದೇ ನನ್ನ ತಮ್ಮ ವೀರೇಶನಿಗೆ ತಡೆಯಲಾಗಲಿಲ್ಲ. ಅಕ್ಕ ಬಸ್ಸಿನಲ್ಲಿ ನಿಂತು ಹೋಗುವುದೆಂದರೆ ಅವನಿಗೆ ತನ್ನದೇ ಅವಮಾನ. ಎರಡೇ ದಿನದಲ್ಲಿ ಕುರೆಕುಪ್ಪದ ಕಡೆ ಯಾವುದೋ ಗುಜರಿಯಿಂದ ಅದೇ ಮಾಡೆಲ್ ಕಾರಿನ ತೊಲೆ ಕತ್ತರಿಸಿಕೊಂಡು ಬಂದ. ಮದುವೆಗೆ ಸೀರೆ ತಂದವನಂತೆ ಅದನ್ನು ಗ್ಯಾರೇಜಿನ ನೆಲದ ಮೇಲೆ ಬಿಚ್ಚಿಟ್ಟ. ಹೊಸ ಬಣ್ಣ ಬಳಿದು ಮಿರಿಮಿರಿ ಮಿಂಚುತ್ತಿತ್ತು.

ಹುಲುಗಪ್ಪ ಅದಕ್ಕೆ ಅಯಸ್ಕಾಂತ ಹಚ್ಚಿದರು. ಒಂದು ಕಡೆ ಗಟ್ಟಿಯಾಗಿ ಹಿಡಿಯಿತು, ಇನ್ನೊಂದು ಕಡೆ ಜಾರಿ ಬಿತ್ತು. ಬಣ್ಣ ಕೆರೆದರೆ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ. ಪುಟ್ಟಿ ಕೆರೆದರೆ ಉಕ್ಕಿನ ಮೇಲೆ ನವಿಲುಗರಿಯಂಥ ನೀಲಿ ಕಲೆ. ಎಷ್ಟು ಚೆನ್ನಾಗಿದೆ ಎಂದೆ.

"ಚಂದ ಐತ್ರಿ, ಅದೇ ತ್ರಾಸು. ಇದು ಮೊದ್ಲಽ ಒಮ್ಮೆ ಗುದ್ದಿಸಿಕೊಂಡೈತಿ. ಕಾಸಿ ನೆಟ್ಟಗ ಮಾಡ್ಯಾರ. ಕಾಸಿದ ಮ್ಯಾಲೆ ಉಕ್ಕಿನ ಸತ್ವ ಹೋಗ್ತೈತಿ."

ವೀರೇಶ ಸೋಲುವವನಲ್ಲ. "ಹಂಗಾದ್ರ ಮ್ಯಾಲೆ ದಪ್ಪನ ಪ್ಲೇಟ್ ಕೂಡ್ರಿಸಿ ವೆಲ್ಡ್ ಮಾಡ್ರಿ. ಲಾರಿ ಗುದ್ದಿದ್ರೂ ಜಗ್ಗಬಾರದು!"

"ಅದು ಜಗ್ಗಲಿಲ್ಲಂದ್ರ ನಿಮ್ಮಕ್ಕನ ಎದಿ ಜಗ್ಗಬೇಕಾಗ್ತೈತಪ್ಪ," ಎಂದು ಮೂಲೆಯಿಂದ ಒಂದು ದನಿ ಬಂತು.

ಅಲ್ಲಿ ಕುರ್ಚಿಯಲ್ಲಿ ಹುಲುಗಪ್ಪನ ಅಣ್ಣ ಮಾರೆಪ್ಪ ಕೂತಿದ್ದರು. ಹೊಸ ಬಿಡಿಭಾಗಗಳ ಚೀಟಿಯನ್ನು ಕನ್ನಡಕ ಏರಿಸಿ ಓದುವುದು ಅವರ ಕೆಲಸ. "ಮಡಚಬೇಕಾದಲ್ಲಿ ಮಡಚಲಿ ಅಂತಽ ಅದನ್ನ ಮಾಡಿರ್ತಾರ. ಏಟು ತಾನು ತಿಂತೈತಿ, ಒಳಗ ಕುಂತೋರಿಗೆ ಬಿಡಂಗಿಲ್ಲ."

ವೀರೇಶ ನಕ್ಕು, "ನಿಮಗ್ಹೆಂಗ ಗೊತ್ತು ಕಾಕಾ?" ಎಂದ.

ಮಾರೆಪ್ಪ ಎಡಗಾಲಿನ ಪೈಜಾಮ ಮೇಲೆತ್ತಿದರು. ಮೊಣಕಾಲಿನ ಕೆಳಗೆ ಮರದ ಬಣ್ಣದ ಕೃತಕ ಕಾಲು.

ಹುಲುಗಪ್ಪ ಸ್ಪ್ಯಾನರ್ ಕೆಳಗಿಟ್ಟರು. "ಅಣ್ಣ ಸಂಡೂರಾಗ ಗಾಡಿ ಹೊಡೀತಿದ್ದ. ಒಮ್ಮೆ ಗುದ್ದಿಸಿಕೊಂಡು ಬಂದ. ಜಲ್ದಿ ಮಾಡಿಕೊಡು ಅಂದ. ಇಂಥದಽ ಒಂದು ಕಾಸಿದ ಪೀಸು, ನನ್ನ ಕೈಯಾರೆ ಹಾಕಿದೆ. ಆರು ತಿಂಗಳಿಗೆ ಮತ್ತೊಂದು ಗುದ್ದು. ಅದು ದೊಡ್ಡದೇನಲ್ರಿ. ಆದ್ರ ಚಾಸಿ ಮುರುಕೊಂಡು ಒಳಗಽ ಬಂತು."

"ಜಲ್ದಿ ಅಂದಾವ ನಾನಽ ಅಲ್ಲೇನ್ಲೇ," ಎಂದರು ಮಾರೆಪ್ಪ. ಆ ಮಾತನ್ನು ಅವರು ತಮ್ಮನಿಗೆ ಎಷ್ಟು ಸಲ ಹೇಳಿದ್ದರೋ. ಹುಲುಗಪ್ಪನಿಗೆ ಆ ಸಮಾಧಾನ ಇನ್ನೂ ಸಾಲದೆಂದು ಅವರ ಮುಖವೇ ಹೇಳುತ್ತಿತ್ತು.

ವೀರೇಶ ತನ್ನ ತೊಲೆಯನ್ನು ಗೋಣಿಯಲ್ಲಿ ಸುತ್ತಿದ. ಅವನಿಗೆ ಏನಾದರೂ ಹೇಳಬೇಕೆಂದು ನನಗನಿಸಿತು. ಪ್ರೀತಿಯಿಂದ ತಂದದ್ದನ್ನು ಬೇಡವೆನ್ನುವ ಮಾತು ಯಾವ ವ್ಯಾಕರಣದಲ್ಲೂ ನನಗೆ ಸಿಗಲಿಲ್ಲ.

ಮೂರು ವಾರ ಬಸ್ಸಿನಲ್ಲಿ ಓಡಾಡಿದೆ. ಕಿಟಕಿ ಪಕ್ಕ ಜಾಗ ಸಿಕ್ಕ ದಿನಗಳಲ್ಲಿ ಕನಸಿಗೆ ಯಾರ ಅಡ್ಡಿಯೂ ಇರಲಿಲ್ಲ. ಕಮಲಾಪುರದ ಕೆರೆ ಬೆಳಗಿನ ಬಿಸಿಲಲ್ಲಿ ಹಾಲಿನಂತೆ ಮಲಗಿರುತ್ತಿತ್ತು. ಅದರಾಚೆ ಹಂಪಿಯ ಬಂಡೆಗಳು ತೇಲುವಂತೆ ಕಾಣುತ್ತಿದ್ದವು. ಅಲ್ಲಿನ ಕೆಲವು ಮಂಟಪಗಳಲ್ಲಿ ಮುರಿದ ಕಂಬದ ಜಾಗಕ್ಕೆ ಬೋಳು ಕಲ್ಲುಕಂಬ ನಿಲ್ಲಿಸಿರುವುದನ್ನು ನೀವು ನೋಡಿರಬಹುದು. ಒಂದು ಬಳ್ಳಿಯಿಲ್ಲ, ಸಿಂಹಮುಖದ ಒಂದು ಯಾಳಿಯಿಲ್ಲ. ಹಾಗೆ ನಿಲ್ಲಿಸಿದವರನ್ನು ರಸಿಕತೆಯಿಲ್ಲದವರು ಎಂದು ಬೈಯುತ್ತಿದ್ದವಳು ನಾನೇ. ಈಗ ಯೋಚಿಸಿದರೆ, ಆ ಕಂಬ ಕೆತ್ತನೆಯ ಸೋಗು ಹಾಕದೆ ಚಾವಣಿ ಹೊತ್ತು ಸುಮ್ಮನೆ ನಿಂತಿದೆ. ತರಗತಿಯಲ್ಲಿ ಆದೇಶ ಸಂಧಿ ಹೇಳುವಾಗಲೂ ನಾನು ತುಸು ತಡೆದೆ. ಮಳೆ, ಕಾಲ ಸೇರಿ ಮಳೆಗಾಲ. 'ಕ' ಹೋದ ಜಾಗಕ್ಕೆ 'ಗ'ವೇ ಬರಬೇಕು, ಹತ್ತಿರ ಸಿಕ್ಕಿದ ಅಕ್ಷರ ಬಂದರೆ ಮಾತೇ ಕುಸಿಯುತ್ತದೆ. ಮಕ್ಕಳು ಬರೆದುಕೊಂಡರು. ನಾನು ಮಾತ್ರ ಮಾರೆಪ್ಪನವರ ಕಾಲನ್ನು ನೆನೆಯುತ್ತಿದ್ದೆ.

ತೊಲೆ ಬಂತು. ಬಣ್ಣವಿಲ್ಲದ, ಕಪ್ಪಗಿನ, ಏನೂ ಚಂದವಿಲ್ಲದ ವಸ್ತು. ಮಾರೆಪ್ಪ ಚೀಟಿಯ ಒಂದೊಂದು ಅಂಕಿಯನ್ನೂ ಓದಿ "ಹಾಕ್ರಿ" ಎಂದರು. ಕಂಪನಿ ಎಲ್ಲಿ ಬೆಸುಗೆ ಹಾಕಿತ್ತೋ ಅಲ್ಲೇ ಬಿಡಿಸಿ, ಅಳತೆ ಹಿಡಿದು, ಅಲ್ಲೇ ಕೂರಿಸಿದರು. ಮಡ್‌ಗಾರ್ಡ್ ಮಾತ್ರ ಬೇರೆ ಕಂಪನಿಯದು. "ಬಟ್ಟಿ ಯಾವುದಾದ್ರೇನ್ರಿ," ಎಂದು ಹುಲುಗಪ್ಪ ನಕ್ಕರು.

ಕಾರು ತರಲು ಹೋದ ದಿನ ವೀರೇಶ ತನ್ನ ಕಾರಿನಲ್ಲೇ ನನ್ನನ್ನು ಕರೆದೊಯ್ದ. ಕೀಲಿ ನನ್ನ ಕೈಗೆ ಬಂದರೂ ಅವನು ಹೊರಡಲಿಲ್ಲ. ಬಾಗಿಲ ಹತ್ತಿರ ಸುಳಿದಾಡಿದ. ಕೊನೆಗೆ ಯಾರ ಮುಖವನ್ನೂ ನೋಡದೆ ಕೇಳಿದ:

"ಮೇಸ್ತ್ರಿ, ನಂದೂ ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಒಳಗ ಏನೈತೋ ಏನೋ. ಒಮ್ಮೆ ನೋಡ್ತೀರೇನು? ಮಕ್ಕಳು ಕುಂದ್ರತಾವು."

ಮಾರೆಪ್ಪ ಕೋಲೂರಿ ಎದ್ದರು. ತಮ್ಮ ಕುರ್ಚಿಯನ್ನು ಅವನ ಕಡೆ ಸರಿಸಿ, "ಕುಂದ್ರಪ್ಪ, ಜಲ್ದಿ ಏನೈತಿ," ಎಂದರು.

ಒಂದು ಗಂಟೆ ವೀರೇಶ ಆ ಕುರ್ಚಿಯಲ್ಲಿ, ಹೆರಿಗೆ ಆಸ್ಪತ್ರೆಯ ಹೊರಗೆ ಕಾಯುವವನಂತೆ ಕೂತಿದ್ದ. ಕಾರಿನ ಎಲುಬು ಗಟ್ಟಿಯಾಗಿಯೇ ಇತ್ತು. ಆದರೂ ಮನೆಗೆ ಮರಳುವಾಗ ಅವನು ಅಷ್ಟು ನಿಧಾನವಾಗಿ ಗಾಡಿ ಓಡಿಸಿದ್ದನ್ನು ನಾನು ಅಂದೇ ಮೊದಲ ಸಲ ನೋಡಿದ್ದು. ಸೈಕಲ್ಲಿನವರು ಕೂಡ ಅವನನ್ನು ಹಿಂದೆ ಹಾಕಿ ಹೋದರು.