ಹೆಸರು ಹೇಳಬಾರದ ಮದ್ದು

ಗೆಳೆಯರೇ, ಇವತ್ತು ಸಾಗರದ ಆಸ್ಪತ್ರೆಯಲ್ಲಿ ಅತ್ತೆಯ ಗುಟ್ಟನ್ನು ನಾನೇ ಬಿಟ್ಟುಕೊಟ್ಟೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಅವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆ. ಈಗ ವಸಡಿನಿಂದ ಆಗಾಗ ರಕ್ತ ಬರುತ್ತಿದೆ.

"ನಾಟಿ ಮದ್ದು ಎಂತಾದ್ರೂ ತಗೊಳ್ತೀರಾ?" ಡಾಕ್ಟರ್ ಕೇಳಿದರು.

"ತಗೊಳ್ತೀನಿ. ಹೆಸರು ಹೇಳೋ ಹಾಗಿಲ್ಲ. ಹೇಳಿದ್ರೆ ಮದ್ದು ಹಿಡಿಯಲ್ಲ."

"ಹೇಳದಿದ್ರೆ ಜೀವಕ್ಕೇ ಕುತ್ತು, ಅಮ್ಮ."

ಅತ್ತೆ ಗೋಡೆ ನೋಡಿದರು. ದಿನಾ ಅದನ್ನು ಅರೆದುಕೊಡುವವಳು ನಾನು. "ಒಂದೆಲಗ, ಶುಂಠಿ, ಹಸಿ ಬೆಳ್ಳುಳ್ಳಿ" ಎಂದೆ. ಶುಂಠಿ, ಬೆಳ್ಳುಳ್ಳಿಯೂ ರಕ್ತ ತೆಳುವಾಗಿಸುತ್ತವೆ ಎಂದ ಡಾಕ್ಟರ್, ಮದ್ದನ್ನು ಇವತ್ತೇ ನಿಲ್ಲಿಸಲು ಹೇಳಿ, ರಕ್ತಪರೀಕ್ಷೆ ಮಾಡಿಸಿದರು.

ಮನೆಗೆ ಮರಳುವಾಗ ಹೊಸನಗರದ ಬಸ್ಸಿನಲ್ಲಿ ಅತ್ತೆ ಸಿಡುಕಿದರು: "ನೆಂಟರು ಬಂದ್ರೆ ಬಾಗಿಲ ಹಿಂದೆ ನಿಲ್ಲೋಳು, ಇವತ್ತೇ ಮಾತು ಕಲಿತ್ಯಾ?"

ಮದ್ದಿನ ಗುಣ ಹೋದರೆ ಹೋಗಲಿ. ಬೈಯಲಿಕ್ಕಾದರೂ ಅತ್ತೆ ಇರಲಿ.